ಬಾಲ ಉದುರಿದ ಓ

ಶಿವರಾತ್ರಿ ಹತ್ತಿರ ಬಂದಿತ್ತು. ಬೆಳಗಿನ ಚಳಿ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಮಾತ್ರ ಯಾರೂ ಕರೆಯದೆ ಅಂಗಳಕ್ಕೆ ಬಂದು ಕೂರುವುದನ್ನು ಕಲಿತಿತ್ತು. ನಮ್ಮೂರು ಕಲ್ಲುಕೇರಿಯ ಮನೆಮನೆಯಲ್ಲೂ ಹುಣಸೆಹಣ್ಣಿನ ರಾಶಿ. ಓಡು ಒಡೆಯುವವರು ಒಂದು ಕಡೆ, ನಾರು ಎಳೆಯುವವರು ಇನ್ನೊಂದು ಕಡೆ, ಗುಂಡುಕಲ್ಲಿನಲ್ಲಿ ಕುಟ್ಟಿ ಬೀಜ ಬೇರೆ ಮಾಡುವವರು ನೆರಳಿದ್ದ ಕಡೆ. ನಾನು ಪಾಪಕ್ಕನ ಅಂಗಳದಲ್ಲಿ ಕೂತು ಪಾಪಕ್ಕನ ಹಣ್ಣು ಕುಟ್ಟುತ್ತಿದ್ದೆ. ನನ್ನ ಹಣ್ಣು ಇನ್ನೂ ಮರದ ಮೇಲೆಯೇ ಇತ್ತು.

“ಮಾಳಕ್ಕ, ನಿಮ್ಮ ಮರದಾಗೆ ಗಿಣಿಗಳ ಮದುವೆ ನಡೀತೈತಂತೆ,” ಅಂದಳು ಪಾಪಕ್ಕ, ತಲೆ ಎತ್ತದೆ.

“ನೀನು ಓಗಿ ಉಂಡ್ಕಂಡು ಬಂದ್ಯಾ?” ಅಂದೆ.

“ನಂಗ್ಯಾರು ಕರೀತಾರೆ. ಅಕ್ಕ ತಂಗೀರೇ ಒಬ್ರನ್ನೊಬ್ರು ಕರಿಯಾಕಿಲ್ಲ.”

ಕಲ್ಲು ಸ್ವಲ್ಪ ಜೋರಾಗಿಯೇ ಬಿತ್ತು. ಬೀಜ ಎರಡು ಹೋಳಾಯಿತು. ಮೂಡಲ ಕಡೆ ನೋಡಿದೆ. ಗುಡ್ಡದ ಹಿಂದೆ, ಈ ಕಾಲಕ್ಕೆ ಅಲ್ಲಿ ಯಾವ ಕೆಲಸವೂ ಇಲ್ಲದ ಒಂದು ಮೋಡ, ನೆಂಟರ ಮನೆಗೆ ಬಂದವರ ಹಾಗೆ ಆರಾಮಾಗಿ ಕೂತಿತ್ತು. ಮಾಗಿದ ಹುಣಸೆಯ ಮೇಲೆ ಒಂದು ಮಳೆ ಬಿದ್ದರೆ ಸಾಕು, ಓಡಿನ ಬಿರುಕಿನಲ್ಲಿ ನೀರಿಳಿದು ಹಣ್ಣು ಬೂಷ್ಟು ಹಿಡಿಯುತ್ತದೆ. ಆಮೇಲೆ ಅದನ್ನು ದನವೂ ಮೂಸುವುದಿಲ್ಲ.

ನಮ್ಮೂರಲ್ಲಿ ಮಾತು ಅಂಗಳದ ಗೋಡೆ ದಾಟುವುದಿಲ್ಲ. ಒಳಗೆ ಎಷ್ಟು ಬೇಕಾದರೂ ಆಡಬಹುದು, ಹಾಡಬಹುದು, ಜಗಳಕ್ಕೆ ನಿಲ್ಲಬಹುದು. ಬೀದಿಗೆ ಕಾಲಿಟ್ಟರೆ ತುಟಿ ಅಲ್ಲಾಡುತ್ತದೆ, ಅಷ್ಟೆ. ಹೊಲದಲ್ಲೂ ಹಾಗೇ. ಹೊರಗಿನವರು ನಮ್ಮ ಸಂತೆ ನೋಡಿ, ಬಹಳ ಸಭ್ಯರ ಊರು ಅಂದುಕೊಂಡು ಹೋಗುತ್ತಾರೆ. ಒಂದು ಅಂಗಳದ ಮಾತು ಇನ್ನೊಂದು ಅಂಗಳಕ್ಕೆ ಹೋಗಬೇಕಾದರೆ ಗೋಡೆಯಲ್ಲಿ ಹೂತಿರುವ ಮಣ್ಣಿನ ಕೊಳವೆಗೆ ಬಾಯಿಟ್ಟು ಆಡಬೇಕು. ಎಲ್ಲ ಕೊಳವೆಗಳೂ ಊರ ನಡುವಿನ ತೂಬುಮನೆಗೆ ಹೋಗಿ ಸೇರುತ್ತವೆ. ಅಲ್ಲಿಂದ ಯಾರ ಮಾತು ಯಾರ ಮನೆಗೋ ಅಲ್ಲಿಗೆ ತಿರುಗುತ್ತದೆ. ಕೆರೆ ನೀರನ್ನು ತಿರುಗಿಸುವವನು ನೀರುಗಂಟಿಯಾದರೆ, ತೂಬುಮನೆಯವನು ಮಾತುಗಂಟಿ.

ಇನ್ನೊಂದು, ಕರೆದವರಿಗೆ ಓ ಅನ್ನಬೇಕು. ಇದು ನಮ್ಮಲ್ಲಿ ಮರ್ಯಾದೆಯ ಮಾತಲ್ಲ, ಋಣದ ಮಾತು. ಇಬ್ಬರಿಗೆ ಸೇರಿದ ಮರವಿರಲಿ, ಬಾವಿಯಿರಲಿ, ಒಬ್ಬರು ಕರೆದು ಇನ್ನೊಬ್ಬರು ಓ ಅನ್ನದೆ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮುಟ್ಟಿದವರ ಪಾಲು ಹೋಯಿತು. ಹೊಲದಲ್ಲಿ ನಿಂತು ವಾದ ಮಾಡಲು ಬಾಯಿ ಬರುವುದಿಲ್ಲವಲ್ಲ, ಅದಕ್ಕೇ ಎಲ್ಲವನ್ನೂ ಮನೆಯಲ್ಲೇ ಮುಗಿಸಿಕೊಂಡು ಹೋಗಿ ಅಂತ ಹಿಂದಿನವರು ಕಟ್ಟು ಮಾಡಿದ್ದರು.

ಗಡಿ ಹುಣಸೆ ನಮ್ಮ ಅವ್ವನ ಮರ. ಅವ್ವ ಅದನ್ನು ನನಗೂ ನಮ್ಮಕ್ಕ ದ್ಯಾವಕ್ಕನಿಗೂ ಸೇರಿಸಿ ಬಿಟ್ಟುಹೋಗಿದ್ದಳು. ಕೊಂಬೆ ಹಂಚಿರಲಿಲ್ಲ; ಹೆಣ್ಣುಮಕ್ಕಳು ಹೊಂದಿಕೊಂಡು ಹೋಗುತ್ತಾರೆ ಅನ್ನುವ ಭರವಸೆ ಅವಳಿಗೆ ಎಲ್ಲಿಂದ ಬಂತೋ. ಹೋದ ಸುಗ್ಗಿಯಲ್ಲಿ ಮರ ಬಡಿಯುವಾಗ ದ್ಯಾವಕ್ಕ ನನ್ನ ಕಡೆ ಕೈ ತೋರಿಸಿ ಏನೋ ಅಂದಳು. ಹೊಲ, ಕೇಳಿಸಲಿಲ್ಲ. ನಾನೂ ಏನೋ ಅಂದೆ. ಅವಳಿಗೂ ಕೇಳಿಸಲಿಲ್ಲ. ಇಬ್ಬರೂ ನಮಗೆ ಬೇಕಾದ್ದನ್ನು ಕೇಳಿಸಿಕೊಂಡು ಮನೆಗೆ ಬಂದು ಮಾತು ಬಿಟ್ಟೆವು. ನಾನು ಅವಳೊಬ್ಬಳ ಜೊತೆ ಬಿಟ್ಟೆ. ದ್ಯಾವಕ್ಕ ಯಾವುದನ್ನೂ ಅರೆಬರೆ ಮಾಡುವವಳಲ್ಲ, ಕೊಳವೆಗೆ ಬಾಯಿಡುವುದನ್ನೇ ಬಿಟ್ಟಳು. ಬಾವಿಕೇರಿಯ ಕೊನೆಯ ಮನೆಯಲ್ಲಿ ಅವಳು, ಅವಳ ಮೇಕೆಗಳು. ಮೇಕೆಗಳೊಂದಿಗೆ ಮಾತಾಡಲು ಕೊಳವೆ ಬೇಕಿಲ್ಲ.

ನಾನೇ ಮೊದಲು ಕರೆಯಬಹುದಿತ್ತು. ಆದರೆ ತೂಬುಮನೆಯಲ್ಲಿ ಗ್ಯಾತಜ್ಜ ಇದ್ದ. ಮಾತುಗಂಟಿ ಕೆಲಸವನ್ನು ಅವನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದ ಅಂದರೆ, ಪ್ರತಿ ಮಾತನ್ನೂ ಪೂರ್ತಿ ಕೇಳಿ, ಅರ್ಥ ಮಾಡಿಕೊಂಡು, ಆಮೇಲೆ ತಿರುಗಿಸುತ್ತಿದ್ದ. ಸಂಜೆ ಟೀ ಅಂಗಡಿಯೊಳಗೆ ಕೂತು ಅದರ ಸಾರಾಂಶ ಒಪ್ಪಿಸುತ್ತಿದ್ದ. ಮಧ್ಯಾಹ್ನ ನಿದ್ದೆ ಬಂದರೆ ಒಬ್ಬರ ಮನೆಯ ಹೆಣ್ಣು ನೋಡುವ ಮಾತು ಇನ್ನೊಬ್ಬರ ಮನೆಯ ಎಮ್ಮೆ ವ್ಯಾಪಾರಕ್ಕೆ ಸೇರಿಕೊಂಡು, ಹಲ್ಲು ನೋಡುತ್ತೇವೆ ಅಂದದ್ದು ಯಾರಿಗೆ ಅನ್ನುವುದೇ ತಿಳಿಯದೆ ಎರಡೂ ಮುರಿದುಬೀಳುತ್ತಿದ್ದವು. ಇಂಥವನ ಕಿವಿಯ ಮುಂದೆ ನಾನು ಅಕ್ಕನಿಗೆ ಬಗ್ಗಬೇಕೆ?

ಆದ್ದರಿಂದ ಗ್ಯಾತಜ್ಜನನ್ನು ಬಿಡಿಸಿ ಪೆಟ್ಟಿಗೆ ತರಿಸುತ್ತಾರೆ ಅಂದಾಗ ಊರಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಪೆಟ್ಟಿಗೆಗೆ ಕಿವಿ ಇರುತ್ತದೆ, ನಾಲಗೆ ಇರುವುದಿಲ್ಲ ಅಂದುಕೊಂಡಿದ್ದೆ.

ಪೆಟ್ಟಿಗೆ ಬಂದ ದಿನ ತೂಬುಮನೆಯಲ್ಲಿ ಸಭೆ. ಅಧ್ಯಕ್ಷ ಪರ್ವತಪ್ಪ ನಡುವೆ ಕೂತಿದ್ದರು. ನಮ್ಮ ಕಡೆ ಹಕಾರ ಯಾರ ಬಾಯಿಗೂ ಹತ್ತುವುದಿಲ್ಲ; ಹೋಗು ಅನ್ನುವುದು ಓಗು, ಹಾಲು ಅನ್ನುವುದು ಆಲು. ಪರ್ವತಪ್ಪನವರು ಅಧ್ಯಕ್ಷರಾದ ಮೇಲೆ ಊರಿನವರೆಲ್ಲ ಬಿಟ್ಟ ಹಕಾರಗಳನ್ನು ಕೂಡಿಸಿಟ್ಟು ಒಬ್ಬರೇ ಬಳಸುತ್ತಿದ್ದರು. ಪೆಟ್ಟಿಗೆಯ ಜೊತೆ ಬಂದಿದ್ದವನು ಮಧುಕೇಶ ಅನ್ನುವ ಹೊರಗಿನ ಹುಡುಗ, ಇಸ್ತ್ರಿ ಅಂಗಿ, ಒಳ್ಳೆಯ ಮಾತು.

“ಇದನ್ನ ಸ್ವಿಚ್ ಅಂತೀವಿ,” ಅಂದ.

“ಲೈಟ್ ಆಕೋದಾ?” ಅಂದಳು ಪಾಪಕ್ಕ.

“ಅಲ್ಲಮ್ಮ. ಮಾತು ತಿರುಗಿಸೋದು. ಇದು ಬರೀ ತಗಡು. ಒಳಗಿರೋ ಆಪರೇಟಿಂಗ್ ಸಿಸ್ಟಮ್ಮೇ ಮುಖ್ಯ. ತಗಡು ಒಂದು ಕಂಪನಿದು, ಒಳಗಿನ ಬುದ್ಧಿ ಇನ್ನೊಂದು ಕಂಪನಿದು. ಯಾವ ತಗಡಿಗೆ ಯಾವ ಬುದ್ಧಿ ಬೇಕಾದ್ರೂ ಹಾಕ್ಕೋಬಹುದು.”

ಎಲ್ಲರೂ ಒಮ್ಮೆ ಅಧ್ಯಕ್ಷರ ಕಡೆ, ಒಮ್ಮೆ ಅವರ ಪಕ್ಕದಲ್ಲಿದ್ದ ಅವರ ಭಾವಮೈದುನನ ಕಡೆ ನೋಡಿದೆವು. ಈ ವ್ಯವಸ್ಥೆ ನಮಗೇನೂ ಹೊಸದಾಗಿರಲಿಲ್ಲ.

ಮಧುಕೇಶ ಹೇಳುತ್ತ ಹೋದ. ಪೆಟ್ಟಿಗೆಗೆ ಯಾರ ಮನೆ ಎಲ್ಲಿದೆ ಅಂತ ಯಾರೂ ತೋರಿಸಬೇಕಿಲ್ಲ, ಮಾತಾಡಿದವರ ಮನೆಯನ್ನು ತಾನೇ ಗುರುತಿಟ್ಟುಕೊಳ್ಳುತ್ತದೆ. ದೊಡ್ಡವರ ಮಾತಿಗೆ ಬೇರೆ ಸಾಲು ಮಾಡಬಹುದು, ಅದು ಬಂದರೆ ಮಿಕ್ಕ ಮಾತು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಇದನ್ನು ಅಧ್ಯಕ್ಷರು ಎರಡು ಸಲ ಹೇಳಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಕೇಳಿದರು.

“ಕೇರಿ ಕೇರಿ ಬೇರೆ ಮಾಡ್ಬಹುದೇ?”

“ಮಾಡಬಹುದು ಸರ್. ಪೆಟ್ಟಿಗೆ ಒಂದೇ, ಆದ್ರೆ ಒಂದು ಕೇರಿ ಮಾತು ಇನ್ನೊಂದು ಕೇರಿಗೆ ಇದೆ ಅಂತಾನೇ ಗೊತ್ತಾಗಲ್ಲ. ಬಹಳ ಹೊಸ ಸೌಲಭ್ಯ.”

“ಹೊಸದೇನ್ ಬಂತು,” ಅಂದಳು ಬಾವಿಕೇರಿಯ ಸಣ್ಣಕ್ಕ ಬಾಗಿಲ ಹತ್ತಿರದಿಂದ. “ನಮ್ಮ ತಾತನ ಕಾಲ್ದಿಂದ್ಲೂ ಐತೆ. ಅವಾಗ ಪೆಟ್ಟಿಗೆ ಇರ್ಲಿಲ್ಲ, ಅಷ್ಟೇಯ.”

ಆದರೂ ಬೇರೆ ಮಾಡಿದರು. ಆದರೆ ಅಧ್ಯಕ್ಷರ ಮನೆಯ ಹಸು ಕರೆಯುವವಳು ಆ ಸಣ್ಣಕ್ಕನೇ. ಬೆಳಗಾಗುತ್ತಲೇ ಅಧ್ಯಕ್ಷರ ಹೆಂಡತಿ ಕೊಳವೆಗೆ ಬಾಯಿಟ್ಟು ಕರೆದರು. ಬಾವಿಕೇರಿ ಅನ್ನುವುದೊಂದು ಇದೆ ಅಂತಲೇ ಪೆಟ್ಟಿಗೆಗೆ ಗೊತ್ತಿರಲಿಲ್ಲ. ಸಣ್ಣಕ್ಕನೂ ಕರೆದಿಲ್ಲ ಅಂತ ಕಾಲು ಚಾಚಿ ಕೂತಳು. ಬಿಸಿಲೇರುವ ಹೊತ್ತಿಗೆ ಹಸುವಿನ ಕೆಚ್ಚಲು ಕಲ್ಲಾಗಿ, ಅದು ಅರಚುವುದು ಬೀದಿಗೆ ಕೇಳದಿದ್ದರೂ ಅಧ್ಯಕ್ಷರ ಅಂಗಳದಲ್ಲಿ ಕಿವಿ ಮುಚ್ಚುವಷ್ಟು ಕೇಳುತ್ತಿತ್ತು. ಅವರು ಚಪ್ಪಲಿಯನ್ನೂ ಮೆಟ್ಟದೆ ತೂಬುಮನೆಗೆ ಬಂದರು.

“ಹಿದನ್ನ ತೆಗಿ.”

“ತೆಗೀಬೇಕಿಲ್ಲ ಸರ್,” ಅಂದ ಮಧುಕೇಶ, ನಗುತ್ತ. “ನಿನ್ನೆ ಹೇಗಿತ್ತೋ ಹಾಗೆ ವಾಪಸ್ ಮಾಡಬಹುದು. ಅದೂ ಒಂದು ಸೌಲಭ್ಯ.”

ಹೀಗೆ ನಮ್ಮೂರ ಕೇರಿಗಳು ಹಸುವಿನ ಕೆಚ್ಚಲಿನ ಕಾರಣದಿಂದ ಒಂದಾದವು. ಅಧ್ಯಕ್ಷರು ಅದನ್ನು ಸಾಮರಸ್ಯ ಅಂತ ಕರೆದರು.

ಬರಿಗೈಯಲ್ಲಿ ವಾಪಸು ಹೋಗುವುದು ಅವರ ಜಾಯಮಾನವಲ್ಲ. ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದರು. ಒಂದು ಕೊಳವೆ ಕೆಟ್ಟರೆ ಇನ್ನೊಂದು ಇರಲಿ ಅಂತ ಊರ ಸುತ್ತ ಎರಡು ದಾರಿ ಹಾಕಿದ್ದರು. ಒಂದರ ದೀಪ ಉರಿಯುತ್ತಿತ್ತು, ಇನ್ನೊಂದರದು ಆರಿತ್ತು.

“ಹಿದ್ಯಾಕೆ ಮಲಗೈತೆ?”

“ಬುದ್ಧಿಯೇ ಮಲಗಿಸಿದೆ ಸರ್. ಎರಡೂ ಎದ್ದಿದ್ರೆ ಮಾತು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದು ಸುತ್ತೋಕೆ ಶುರು ಮಾಡುತ್ತೆ. ಆಗದಿರಲಿ ಅಂತ.”

“ದುಡ್ಡು ಹೆರಡಕ್ಕೂ ಕೊಟ್ಟಿದೀವಿ. ಮಲಗೋಕೆ ಕೂಲಿ ಕೊಡೋದಾ? ಹೆಬ್ಬಿಸು.”

ಮಧುಕೇಶನಿಗೂ ಊರು ಬಿಡುವ ಮೊದಲು ಅವರ ರುಜು ಬೇಕಿತ್ತು. ಬುದ್ಧಿ ಹಾಕಿದ್ದ ಕಾವಲು ತೆಗೆದು ಎಬ್ಬಿಸಿದ. ಎರಡೂ ದೀಪ ಉರಿದವು. ಎಲ್ಲರೂ ಹೊಗಳಿದರು. ಯಾವ ಮಾತೂ ಸುತ್ತಲಿಲ್ಲ, ಎಲ್ಲ ಮಾತೂ ನೆಟ್ಟಗೆ ಮನೆ ಸೇರಿತು. ಓದಿದವರು ಸುಮ್ಮನೆ ಹೆದರಿಸುತ್ತಾರೆ ಅಂತ ಅಧ್ಯಕ್ಷರು ಸಂತೋಷಪಟ್ಟರು.

ಮಾರನೆಯ ದಿನ ಮೋಡ ಗುಡ್ಡದ ಈಚೆಗೆ ಬಂತು. ಇನ್ನು ತಡೆಯುವುದು ಆಗದು ಅನ್ನಿಸಿತು. ಎಲ್ಲರೂ ಹಣ್ಣು ಕುಟ್ಟುವುದರಲ್ಲಿ ಮುಳುಗಿದ್ದ ಹೊತ್ತು ನೋಡಿ, ನೀರು ಕುಡಿದು ಬರುತ್ತೇನೆ ಅಂತ ಪಾಪಕ್ಕನ ಅಂಗಳದಿಂದ ಎದ್ದು ನನ್ನ ಮನೆಗೆ ಬಂದೆ. ಬಾಗಿಲು ಹಾಕಿದೆ. ಕೊಳವೆಯ ಬಾಯಿಗೆ ಸೆರಗು ಅಡ್ಡ ಹಿಡಿದು, ಒಂದು ವರ್ಷ ಆಡದಿದ್ದ ಹೆಸರನ್ನು ಆಡಿದೆ.

“ದ್ಯಾವಕ್ಕಾ. ನಾನು ಮಾಳಿ. ತಪ್ಪು ನಂದಲ್ಲ, ಆದ್ರೂ ನಂದೇ ಅಂತ ಇಟ್ಕಾ. ಅವ್ವನ ಮರ ನೆನೆದೋಯ್ತದೆ ಕಣೆ. ನಾನು ಸೋತೆ, ಓ ಅನ್ನು.”

ಸೆರಗು ತೆಗೆಯುವಷ್ಟರಲ್ಲಿ ನನ್ನದೇ ಕೊಳವೆಯಿಂದ ನನ್ನದೇ ದನಿ ಬಂತು. ದ್ಯಾವಕ್ಕಾ, ನಾನು ಮಾಳಿ. ಬೆಚ್ಚಿಬಿದ್ದು ಬಾಗಿಲು ತೆಗೆದರೆ, ಎದುರಿನ ಪಾಪಕ್ಕನ ಅಂಗಳದಲ್ಲಿ ಎಲ್ಲರೂ ಕಲ್ಲು ಎತ್ತಿದ ಕೈ ಎತ್ತಿದ ಹಾಗೇ ಗೋಡೆಯ ಕಡೆ ತಿರುಗಿ ಕೂತಿದ್ದರು. ಬೀದಿ ದಾಟಿ ಒಳಗೆ ಹೋದೆ. ಅಲ್ಲಿಯ ಕೊಳವೆ ಹೇಳುತ್ತಿತ್ತು: ತಪ್ಪು ನಂದಲ್ಲ, ಆದ್ರೂ ನಂದೇ ಅಂತ ಇಟ್ಕಾ.

“ಇಟ್ಕಂಡೆ ಬುಡು,” ಅಂದಳು ಪಾಪಕ್ಕ.

ಆಮೇಲೆ ತಿಳಿದದ್ದು ಇಷ್ಟು. ಮಾತಾಡಿದವರ ಮನೆಯನ್ನಷ್ಟೇ ಪೆಟ್ಟಿಗೆ ಗುರುತಿಟ್ಟುಕೊಳ್ಳುತ್ತದೆ. ದ್ಯಾವಕ್ಕ ಅದು ಬಂದಾಗಿನಿಂದ ಬಾಯಿ ತೆರೆದಿರಲಿಲ್ಲ. ಊರಿನ ಮಿಕ್ಕವರು ಯಾರೂ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲಾರರು, ಹಾಗಾಗಿ ಈ ಗುಣ ಯಾರಿಗೂ ಗೊತ್ತಾಗಿರಲಿಲ್ಲ. ಗುರುತಿಲ್ಲದ ಮನೆಗೆ ಮಾತು ಬಂದರೆ ಪೆಟ್ಟಿಗೆ ಅದನ್ನು ಎಲ್ಲ ಮನೆಗೂ ಹಾಕಿ, ಯಾರದೋ ಅವರು ತಗೊಳ್ಳಿ ಅನ್ನುತ್ತದಂತೆ. ಗ್ಯಾತಜ್ಜ ಸಂಜೆಯ ತನಕವಾದರೂ ಕಾಯುತ್ತಿದ್ದ.

ಕರೆ ಬಂದ ಮೇಲೆ ಓ ಅನ್ನದಿದ್ದರೆ ಋಣ. ನಮ್ಮೂರಿನವರು ಬಾಯಿಗೆ ಬಂದದ್ದೆಲ್ಲ ಆಡುತ್ತಾರೆ, ಋಣ ಮಾತ್ರ ಇಟ್ಟುಕೊಳ್ಳುವುದಿಲ್ಲ. ತಮ್ಮ ಹೆಸರಲ್ಲದಿದ್ದರೂ ಯಾಕೆ ಬೇಕು ಅಂತ ಮನೆಮನೆಯಿಂದ ಓ ಅಂದರು. ಆ ಓಗಳೂ ದ್ಯಾವಕ್ಕನ ಹೆಸರಿನ ಹಿಂದೆಯೇ ಹೊರಟವು. ಆಗ ಮಲಗಿದ್ದನ್ನು ಎಬ್ಬಿಸಿದ್ದರ ಫಲ ಕಂಡಿತು. ಗುರುತಿನ ಮನೆ ಸಿಗದ ನನ್ನ ಸೋಲು ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ತಿರುಗಿ ಬಂತು, ಬಂದದ್ದು ಮತ್ತೆ ಹೋಯಿತು, ಪ್ರತಿ ಸುತ್ತಿಗೂ ಇನ್ನಷ್ಟು ಓಗಳನ್ನು ಸೆರಗಿಗೆ ಕಟ್ಟಿಕೊಂಡು. ದೇವರಿಗೂ ಇಷ್ಟು ಪ್ರದಕ್ಷಿಣೆ ಬಂದವರಿರಲಿಲ್ಲ. ನಾನು ಸೋತೆ, ನಾನು ಸೋತೆ ಅಂತ ಅಧ್ಯಕ್ಷರ ಮನೆಯ ಕೊಳವೆಯೂ ನನ್ನ ದನಿಯಲ್ಲಿ ಒಪ್ಪಿಕೊಳ್ಳುತ್ತಿತ್ತು. ಅವರ ಎದುರಿನ ಪಕ್ಷದವರು ಅದನ್ನು ಬಹಳ ದಿನ ನೆನೆಸಿಕೊಂಡರು.

ಪೆಟ್ಟಿಗೆ ತುಂಬಿಹೋಯಿತು. ತುಂಬಿದ ಮೇಲೆ ಬಂದ ಮಾತುಗಳ ತಲೆ ಮಾತ್ರ ತೂರಿ, ಬಾಲ ಉದುರತೊಡಗಿತು. ಅಂಗಡಿಯವನಿಗೆ ಸಕ್ಕರೆ ಕೇಳಿದರೆ ಸ ಮಾತ್ರ ಮುಟ್ಟಿತು, ಅವನು ಪಾತ್ರೆ ತೊಳೆಯುವ ಸಬೀನಾ ಪುಡಿ ಕಳಿಸಿದ. ಆ ಗದ್ದಲದ ನಡುವೆ, ಎಲ್ಲ ಓಗಳಿಗಿಂತ ಬೇರೆಯಾಗಿ, ಒಣ ಸೌದೆ ಮುರಿದ ಹಾಗೆ ಒಂದು ಓ ಬಂತು. ಬಂದು, ಮುರಿಯಿತು. ಅಂಗಳದಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಆ ದನಿ ದ್ಯಾವಕ್ಕನದು ಅಂತ ಯಾರೂ ಹೇಳಬೇಕಿರಲಿಲ್ಲ.

ತೂಬುಮನೆಗೆ ಓಡಿದೆ. ಅಷ್ಟರಲ್ಲಿ ಮಧುಕೇಶ ಒಂದು ದಾರಿಯನ್ನು ಮತ್ತೆ ಮಲಗಿಸಿದ್ದ, ಊರು ತಣ್ಣಗಾಗಿತ್ತು. ಅಧ್ಯಕ್ಷರೂ ಬಂದಿದ್ದರು, ಪಾಪಕ್ಕನೂ ನನ್ನ ಹಿಂದೆಯೇ ಬಂದಳು, ಕೈಯಲ್ಲಿ ಗುಂಡುಕಲ್ಲು ಸಮೇತ.

“ಬಂತಲ್ಲಮ್ಮ ಓ,” ಅಂದರು ಅಧ್ಯಕ್ಷರು. “ಹೂರೆಲ್ಲ ಕೇಳೈತೆ. ಮರ ಬಡ್ಕ ಓಗು.” ಅವಸರದಲ್ಲಿ ಅವರಿಗೂ ಒಂದು ಹಕಾರ ತಪ್ಪಿತು.

ಆ ತಪ್ಪೇ ನನ್ನ ಎದೆಗೆ ನಾಟಿತು. “ಅಯ್ಯಾ, ಅವ್ಳು ಅಂದಿದ್ದು ಬರೀ ಓನಾ, ಇಲ್ಲಾ ಓಗು ಅಂದು ಗು ಉದುರೋಯ್ತಾ?” ಅಂತ ಮಧುಕೇಶನನ್ನು ಕೇಳಿದೆ.

ಅವನು ತಲೆ ಕೆರೆದುಕೊಂಡ. “ಆ ಹೊತ್ತಲ್ಲಿ ಬಾಲ ಉದುರ್ತಾ ಇತ್ತಮ್ಮ. ತುಂಬಿದಾಗ ಉದುರಿಸೋದೂ ಒಂದು ಸೌಲಭ್ಯ. ಏನು ಉದುರಿತು ಅಂತ ಇಟ್ಟುಕೊಳ್ಳಲ್ಲ. ಎಷ್ಟು ಉದುರಿತು ಅಂತ ಬೇಕಾದ್ರೆ ಹೇಳುತ್ತೆ.”

“ಬಲು ಉಪಕಾರ,” ಅಂದೆ.

“ಓಗು ಅಂತ್ಲೇ ಅಂದಿರ್ತಾಳೆ,” ಅಂದಳು ಪಾಪಕ್ಕ. “ನಿಮ್ಮಕ್ಕ ಓ ಅನ್ನೋ ಪೈಕೀನಾ? ನೀನು ಬಡುದ್ರೆ ಸುಮ್ಕೆ ಪಾಲೂ ಓಯ್ತದೆ, ಅಕ್ಕನೂ ಓಯ್ತಾಳೆ.”

“ಪೆಟ್ಟಿಗೆ ಓ ಅಂತ ಕೊಟ್ಟಿದ್ರೆ ಓ ಅಂತ್ಲೇ ಹರ್ಥ,” ಅಂದರು ಅಧ್ಯಕ್ಷರು. “ಪೆಟ್ಟಿಗೆ ಮೇಲೆ ನಂಬಿಕೆ ಹಿಲ್ದಿದ್ರೆ ಹೆಂಗೆ?”

“ಈಗ ಅವರು ಮಾತಾಡಿದಾರಲ್ಲ,” ಅಂದ ಮಧುಕೇಶ, ಸಮಾಧಾನಕ್ಕೆ. “ಗುರುತು ಸಿಕ್ಕಿದೆ. ಈಗ ಕರೀರಿ, ನೇರ ಅವರ ಮನೆಗೇ ಹೋಗುತ್ತೆ. ಯಾರಿಗೂ ಕೇಳಿಸಲ್ಲ.”

ಊರ ಮಕ್ಕಳು ಮರಿಗಳೆಲ್ಲ ನನ್ನ ಸೋಲನ್ನು ಬಾಯಿಪಾಠ ಮಾಡಿದ ಮೇಲೆ ನನಗೆ ಗುಟ್ಟಿನ ದಾರಿ ಸಿಕ್ಕಿತ್ತು. ಹೊರಗೆ ಬಂದು ಮೋಡ ನೋಡಿದೆ. ಬಾವಿಕೇರಿಯ ಕಡೆ ನಡೆದೆ.

ದ್ಯಾವಕ್ಕ ಅಂಗಳದಲ್ಲಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು. ನಾನು ಬೀದಿಯಲ್ಲಿ, ತಡಿಕೆಯ ಈಚೆ ನಿಂತೆ. ಕೂದಲು ಹೋದ ವರ್ಷಕ್ಕಿಂತ ಬೆಳ್ಳಗಾಗಿತ್ತು. ತಲೆ ಎತ್ತಿ ನನ್ನನ್ನು ನೋಡಿದಳು. ನೋಡಿ, ತುಟಿ ದುಂಡಗೆ ಮಾಡಿ ಏನೋ ಅಂದಳು. ಗೋಡೆ ದಾಟಿ ಏನೂ ಬರಲಿಲ್ಲ. ನಾನು ಅವಳ ತುಟಿಯನ್ನೇ ನೋಡುತ್ತ ನಿಂತೆ. ಓ ಅನ್ನಲು ತುಟಿ ದುಂಡಗಾಗಬೇಕು, ಸರಿ. ಗು ಅನ್ನಲೂ ದುಂಡಗೇ ಇರಬೇಕು. ಎರಡಕ್ಕೂ ಬೇರೆ ಬೇರೆ ತುಟಿ ಕೊಡಲು ಬ್ರಹ್ಮನಿಗೆ ಏನು ಕಷ್ಟವಿತ್ತೋ ತಿಳಿಯದು.

ಓಗು ಅಂದವರ ಅಂಗಳಕ್ಕೆ ಕಾಲಿಡುವುದಕ್ಕಿಂತ ಕೀಳು ನಮ್ಮೂರಲ್ಲಿ ಇನ್ನೊಂದಿಲ್ಲ. ಇಷ್ಟು ಹೊತ್ತು ಪೆಟ್ಟಿಗೆ ನನ್ನ ಮರ್ಯಾದೆ ಕಳೆದಿತ್ತು, ಉಳಿದದ್ದೇನಾದರೂ ಇದ್ದರೆ ನನ್ನ ಕಾಲೇ ಕಳೆಯಲಿ ಅಂತ ತಡಿಕೆ ತಳ್ಳಿ ಒಳಗೆ ಹೋದೆ.

“ಊರಿಗೆಲ್ಲಾ ಕೇಳಂಗೆ ಅರಚ್ಕಂಡ್ಯಲ್ಲೇ,” ಅಂದಳು ದ್ಯಾವಕ್ಕ. ಒಂದು ವರ್ಷದ ಮೇಲೆ ನನಗೆ ಅಂದ ಮೊದಲ ಮಾತು.

“ನಾನು ಪಿಸುಗುಟ್ಟಿದ್ದು. ಅರಚ್ಕಂಡಿದ್ದು ಪೆಟ್ಟಿಗೆ.”

“ತಪ್ಪು ನಂದಲ್ಲ ಅಂತ ಬೇರೆ.”

“ಆಮೇಲಿಂದೂ ಕೇಳಿಸ್ಕಂಡ್ಯಾ, ಅಲ್ಲಿಗೇ ಬಾಲ ಉದುರೋಯ್ತಾ?”

ಅವಳು ಸೊಪ್ಪಿನ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದಳು. ಮೇಕೆ ನಮ್ಮಿಬ್ಬರನ್ನೂ ನೋಡುತ್ತ ಅಗಿಯುತ್ತಿತ್ತು.

“ಅಕ್ಕಾ, ಒಂದ್ ಏಳು. ನೀನು ಓ ಅಂದ್ಯಾ, ಓಗು ಅಂದ್ಯಾ?”

ದ್ಯಾವಕ್ಕ ಎದ್ದು ಕೈ ಒರೆಸಿಕೊಂಡಳು. ಸೂರಿನ ಕೆಳಗೆ ಸಿಕ್ಕಿಸಿದ್ದ ಬಿದಿರಿನ ಗಳ ಎಳೆದಳು. ಒಂದು ವರ್ಷದ ಜೇಡರ ಬಲೆ ಅದರ ಜೊತೆ ಬಂತು. ಸೆರಗಿನಿಂದ ಅದನ್ನು ಒರೆಸಿ, ಗಳದ ಬುಡವನ್ನು ನನ್ನ ಕಡೆ ಚಾಚಿದಳು.

“ಕಾಯಿಗೆ ಏಟು ಆಕಬ್ಯಾಡ,” ಅಂದಳು. “ಓದ್ಸಲ ಇದೇ ಅಂದಿದ್ದು. ನೀನು ಏನ್ ಕೇಳಿಸ್ಕಂಡ್ಯೋ.”

ಗಳದ ಒಂದು ತುದಿ ನಾನು, ಇನ್ನೊಂದು ತುದಿ ಅವಳು ಹೆಗಲಿಗೇರಿಸಿಕೊಂಡು ಗಡಿಗೆ ನಡೆದೆವು. ದಾರಿಯುದ್ದಕ್ಕೂ ನನ್ನ ಮುಂದಿದ್ದ ಅವಳ ತಲೆ ಅಲ್ಲಾಡುತ್ತಿತ್ತು, ಏನೋ ಹೇಳುತ್ತಲೇ ಇದ್ದಳು. ಬೈಯುತ್ತಿದ್ದಳೆಂದು ಕಾಣುತ್ತದೆ. ಬೀದಿಯಾದ್ದರಿಂದ ನನಗೆ ನೆಮ್ಮದಿಯಾಗಿತ್ತು. ಗಿಣಿಗಳನ್ನು ಎಬ್ಬಿಸಿ, ಬೆಳಕಿರುವ ತನಕ ಬಡಿದೆವು. ಕಾಯಿಗೆ ಏಟು ಬಿದ್ದಾಗಲೆಲ್ಲ ಅವಳು ನನ್ನ ಕಡೆ ಕೈ ತೋರಿಸಿದಳು. ಕೆಳಗಿನ ಕೊಂಬೆಗಳೆಲ್ಲ ಬರಿದಾದವು, ತುದಿಯದು ಗಿಣಿಗಳಿಗೆ ಉಳಿಯಿತು. ಎರಡು ರಾಶಿ ಮಾಡಿ, ಅವಳು ಹಂಚಿದಳು, ನಾನು ಆರಿಸಿಕೊಂಡೆ. ಮೂಟೆ ಹೊತ್ತು ನಮ್ಮ ನಮ್ಮ ಮನೆ ಸೇರುವಾಗ ಹನಿ ಶುರುವಾಯಿತು.

ದೀಪ ಹಚ್ಚಿ, ಹಣ್ಣನ್ನು ಒಳಗೆ ಹರವಿ, ಒಂದು ತುಂಡು ಬಾಯಿಗೆ ಹಾಕಿಕೊಂಡು ಕೂತಿದ್ದೆ. ಹೊರಗೆ ಮಳೆ ಜೋರಾಗಿತ್ತು. ಅವಳು ಓ ಅಂದಳೋ ಓಗು ಅಂದಳೋ ಅನ್ನುವುದಕ್ಕೆ ಉತ್ತರ ಬಂದಿರಲಿಲ್ಲ, ಅವಳು ಕೊಡುವವಳೂ ಅಲ್ಲ. ಪಾಪಕ್ಕ ಈಗಲೂ ವಾರಕ್ಕೊಮ್ಮೆ ಕೇಳುತ್ತಾಳೆ, ಆ ಓ ಬಾಕಿ ತೀರಿತಾ ಅಂತ.

ಆ ರಾತ್ರಿ ಕೊಳವೆ ಕೆಮ್ಮಿತು.

“ಮಾಳೀ,” ಅಂತು. ಸುತ್ತಿ ಬಳಸಿ ಅಲ್ಲ, ನೆಟ್ಟಗೆ. ಬಾಗಿಲು ತೆಗೆದು ನೋಡಿದೆ, ಎದುರಿಗೆ ದೀಪದ ಮುಂದೆ ಕೂತಿದ್ದ ಪಾಪಕ್ಕ ಗೋಡೆಯ ಕಡೆ ತಿರುಗಿರಲಿಲ್ಲ. ನನಗೊಬ್ಬಳಿಗೇ ಬಂದ ಮಾತು.

ಬೀಜವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದೆ. ಅವಳೂ ಸ್ವಲ್ಪ ಕಾಯಲಿ ಅಂತ ಕಾಯಿಸಿದೆ. ಆಮೇಲೆ ಕೊಳವೆಗೆ ಬಾಯಿಟ್ಟು, ತುಟಿ ದುಂಡಗೆ ಮಾಡಿ, ಓ ಅಂದೆ. ಗು ಅನ್ನುವುದನ್ನು ಬೀಜದ ಜೊತೆ ನಾಲಗೆಯ ಕೆಳಗೇ ಇಟ್ಟುಕೊಂಡೆ.